ಮಹಿಳಾ ವಿಭಾಗದಲ್ಲಿ ಯಾರು ಆಡಬಹುದು? ಅಂತರಲಿಂಗಿ ಕ್ರೀಡಾಪಟುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದೈಹಿಕ ಶಿಕ್ಷಕರು, ಕೋಚ್‌ಗಳು, ಕ್ರೀಡಾ ವಸತಿ ನಿಲಯದ ವಾರ್ಡನ್‌ಗಳು ಮತ್ತು ಹೆಣ್ಣುಮಕ್ಕಳ ತಂದೆತಾಯಂದಿರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಈ ಭಾಗದ ಹುಡುಗಿಯರು ಕುಸ್ತಿ, ಸೈಕ್ಲಿಂಗ್, ಓಟ, ಕಬಡ್ಡಿ, ಖೋಖೋಗಳಲ್ಲಿ ಮುಂದೆ ಬರುತ್ತಿದ್ದಾರೆ. ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಗೆದ್ದ ಕೂಡಲೇ ಮೈದಾನದ ಅಂಚಿನಲ್ಲಿ ಪಿಸುಮಾತು ಏಳುತ್ತದೆ. ಆ ಪಿಸುಮಾತಿಗೂ ಅಂತರರಾಷ್ಟ್ರೀಯ ನಿಯಮ ಹೇಳುವುದಕ್ಕೂ ಬಹಳ ದೂರ. ನಿಯಮ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದು ಗೊತ್ತಿದ್ದರೆ ಒಬ್ಬ ಹುಡುಗಿಯ ಮಾನ ಉಳಿಯುತ್ತದೆ, ಆಟದ ನ್ಯಾಯವೂ ಉಳಿಯುತ್ತದೆ.

ಅಂತರಲಿಂಗಿ ಎಂದರೆ ಯಾರು? ಟ್ರಾನ್ಸ್‌ಜೆಂಡರ್ ಎಂದರೂ ಅವರೇನಾ?

ಅಲ್ಲ. ಕ್ರೋಮೋಸೋಮು, ವೃಷಣ ಅಥವಾ ಅಂಡಾಶಯ, ಹಾರ್ಮೋನು, ಹೊರಗೆ ಕಾಣುವ ಅಂಗ ಇವೆಲ್ಲ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಬೆಳೆಯುತ್ತವೆ. ಕೆಲವರಲ್ಲಿ ಹಾಗಾಗುವುದಿಲ್ಲ. ಅಂಥವರನ್ನು ಅಂತರಲಿಂಗಿ ಅಥವಾ ಇಂಟರ್‌ಸೆಕ್ಸ್ ಎನ್ನುತ್ತಾರೆ. ವೈದ್ಯರು ಮತ್ತು ಕ್ರೀಡಾ ಒಕ್ಕೂಟಗಳು ಬಳಸುವ ಪದ ಡಿಎಸ್‌ಡಿ. ಇದು ಹುಟ್ಟಿನಿಂದ ಬಂದದ್ದು, ಯಾರೂ ಆರಿಸಿಕೊಂಡದ್ದಲ್ಲ. ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಹೆಣ್ಣುಮಗಳಾಗಿಯೇ ಬೆಳೆದು, ಹದಿನೇಳು ಹದಿನೆಂಟಕ್ಕೆ ಬರುವ ತನಕ ತನಗೇ ವಿಷಯ ತಿಳಿಯದ ಹುಡುಗಿಯರು ಇರುತ್ತಾರೆ. ಟ್ರಾನ್ಸ್‌ಜೆಂಡರ್ ಎಂಬುದು ವ್ಯಕ್ತಿ ತನ್ನನ್ನು ಗಂಡೆಂದೋ ಹೆಣ್ಣೆಂದೋ ಅರಿತುಕೊಳ್ಳುವ ವಿಷಯ. ಕ್ರೀಡಾ ನಿಯಮಗಳಲ್ಲೂ ಈ ಎರಡಕ್ಕೆ ಬೇರೆ ಬೇರೆ ಅಂಶಗಳಿವೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಮುಂದಿನ ಮಾತೆಲ್ಲ ತಪ್ಪುತ್ತದೆ.

ಡಿಎಸ್‌ಡಿ ಇರುವ ಎಲ್ಲರಿಗೂ ನಿರ್ಬಂಧ ಇದೆಯೇ?

ಇಲ್ಲ. ಜನ ಹೆಚ್ಚು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲು, ಹೆಣ್ಣಿನಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಎಕ್ಸ್ ಕ್ರೋಮೋಸೋಮಿನ ಹುಡುಗಿಯರು. ಸಿಎಎಚ್ ಎಂಬ ಸ್ಥಿತಿಯಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹೆಚ್ಚು ಪುರುಷ ಹಾರ್ಮೋನು ತಯಾರಿಸುತ್ತದೆ. ಅಂಡಾಶಯದಲ್ಲಿ ಹಾರ್ಮೋನು ಏರುಪೇರಾಗುವ ಪಿಸಿಓಎಸ್ ಅಂತೂ ಈಗ ಮನೆಮಾತು. ಈ ಎರಡರಲ್ಲೂ ಮೀಸೆ, ಗದ್ದದ ಕೂದಲು, ಮೊಡವೆ, ತಪ್ಪುವ ಮುಟ್ಟು ಕಾಣಬಹುದು, ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನು ಸಾಮಾನ್ಯ ಹೆಣ್ಣಿಗಿಂತ ತುಸು ಮೇಲಿರಬಹುದು. ಅಥ್ಲೆಟಿಕ್ಸ್‌ನ ಡಿಎಸ್‌ಡಿ ನಿರ್ಬಂಧ ಇವರಿಗೆ ಅನ್ವಯಿಸುವುದಿಲ್ಲ. ಮೀಸೆ ನೋಡಿ ಅನುಮಾನ ಪಡುವವರು ಬಹುಪಾಲು ಇಂಥ ಹುಡುಗಿಯರನ್ನೇ ಅನುಮಾನಿಸುತ್ತಿರುತ್ತಾರೆ.

ಇನ್ನು, ಗಂಡಿನಲ್ಲಿ ಸಾಮಾನ್ಯವಾಗಿರುವ ಎಕ್ಸ್‌ವೈ ಕ್ರೋಮೋಸೋಮಿನವರು. ಇವರಲ್ಲಿ ಒಂದು ಗುಂಪಿಗೆ ಟೆಸ್ಟೋಸ್ಟೆರಾನ್ ಗಂಡಸಿನಷ್ಟೇ ಇರುತ್ತದೆ, ಆದರೆ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಕೆಲಸ ಮಾಡುವುದೇ ಇಲ್ಲ. ಘಟಪ್ರಭೆಯ ಕಾಲುವೆಗೆ ನೀರು ಬಿಟ್ಟರೂ ಹೊಲದ ತೂಬು ಮುಚ್ಚಿದ್ದರೆ ಬೆಳೆಗೆ ಏನು ಸಿಕ್ಕೀತು? ದೇಹ ಪೂರ್ತಿ ಹೆಣ್ಣಾಗಿಯೇ ಬೆಳೆಯುತ್ತದೆ, ಎದೆ ಬರುತ್ತದೆ, ಗರ್ಭಕೋಶ ಮಾತ್ರ ಇರುವುದಿಲ್ಲ, ಕಂಕುಳ ಕೂದಲು ಬಹಳ ಕಡಿಮೆ. ಇದಕ್ಕೆ ಸಿಎಐಎಸ್ ಎನ್ನುತ್ತಾರೆ. ಇವರಿಗೆ ಮಹಿಳಾ ವಿಭಾಗ ಮುಕ್ತ.

ತೂಬು ಅರ್ಧ ತೆರೆದಂತಿರುವುದು ಪಿಎಐಎಸ್. ಇಲ್ಲಿ ಹಾರ್ಮೋನು ಎಷ್ಟು ಕೆಲಸ ಮಾಡಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತರ.

5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆ ಇರುವವರದು ಬೇರೆಯೇ ಕಥೆ. ಹುಟ್ಟಿದಾಗ ಹೆಣ್ಣುಮಗುವಿನಂತೆ ಕಾಣುತ್ತಾರೆ. ಹನ್ನೆರಡು ಹದಿಮೂರು ದಾಟಿದ ಮೇಲೆ ಒಳಗಿರುವ ವೃಷಣ ಗಂಡಸಿನ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಸುರಿಸುತ್ತದೆ, ರಿಸೆಪ್ಟರ್ ಸರಿಯಾಗಿರುತ್ತದೆ. ದನಿ ಒಡೆಯುತ್ತದೆ, ಸ್ನಾಯು ಕೂಡುತ್ತದೆ, ಮುಟ್ಟು ಬರುವುದಿಲ್ಲ. ನಿಯಮಗಳ ತಕರಾರು ಮುಖ್ಯವಾಗಿ ಇಂಥ ಸ್ಥಿತಿಗಳ ಬಗ್ಗೆ.

ಸ್ವೈಯರ್ ಸಿಂಡ್ರೋಮ್ ಎಂಬುದೂ ಇದೆ. ಕ್ರೋಮೋಸೋಮು ಎಕ್ಸ್‌ವೈ, ಆದರೆ ವೃಷಣ ಬೆಳೆದೇ ಇರುವುದಿಲ್ಲ, ಹಾಗಾಗಿ ಅಲ್ಲಿಂದ ಟೆಸ್ಟೋಸ್ಟೆರಾನ್ ಬರುವುದೇ ಇಲ್ಲ. ಗರ್ಭಕೋಶ ಇರುತ್ತದೆ. ಇವರಿಗೆ ಆಟದಲ್ಲಿ ಯಾವ ಲಾಭವೂ ಇಲ್ಲ, ಆದರೂ ಮುಂದೆ ವಿವರಿಸುವ ಜೀನ್ ಪರೀಕ್ಷೆ ‘ಪಾಸಿಟಿವ್’ ಎನ್ನಬಹುದು. ಪಾಸಿಟಿವ್ ಎಂದ ಮಾತ್ರಕ್ಕೆ ತೀರ್ಮಾನ ಮುಗಿಯಿತು ಎಂದುಕೊಳ್ಳಬಾರದು ಎನ್ನುವುದಕ್ಕೆ ಇದೊಂದೇ ಸಾಕು.

ಅಕ್ಕನ ಮಗಳನ್ನು ಮದುವೆಯಾಗುವ ರೂಢಿಗೂ ಇದಕ್ಕೂ ಸಂಬಂಧ ಇದೆಯೇ?

ಕೆಲವು ಸ್ಥಿತಿಗಳಿಗೆ ಇದೆ. 5-ಆಲ್ಫಾ ರಿಡಕ್ಟೇಸ್ ಕೊರತೆ, ಸಿಎಎಚ್ ಇವು ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಆ ಸಂಭವ ಹೆಚ್ಚು. ಸಿಎಐಎಸ್ ಹಾಗಲ್ಲ, ಅದು ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುತ್ತದೆ. ಅದಕ್ಕೇ ವೈದ್ಯರು ‘ಚಿಕ್ಕಮ್ಮನೋ ದೊಡ್ಡಮ್ಮನೋ ಯಾರಾದರೂ ಮುಟ್ಟಾಗದೆ, ಮಕ್ಕಳಾಗದೆ ಉಳಿದಿದ್ದಾರಾ’ ಎಂದು ಕೇಳುತ್ತಾರೆ. ಸಂಕೋಚಪಡದೆ ಹೇಳಿ. ಆ ಒಂದು ಮಾತು ಹಲವು ಪರೀಕ್ಷೆಗಳ ದಾರಿ ಸವೆಸುತ್ತದೆ.

ಟೆಸ್ಟೋಸ್ಟೆರಾನ್ ಹೆಚ್ಚಿದ್ದರೆ ನಿಜಕ್ಕೂ ಲಾಭವಾಗುತ್ತದೆಯೇ? ಎತ್ತರ ಇದ್ದವರಿಗೂ ಲಾಭ ಇರುತ್ತದಲ್ಲ?

ಲಾಭವಾಗುತ್ತದೆ, ದೇಹ ಅದನ್ನು ಬಳಸಿಕೊಳ್ಳುವಂತಿದ್ದರೆ. ಮೈನೆರೆಯುವ ವಯಸ್ಸಿನ ತನಕ ಹುಡುಗ ಹುಡುಗಿಯರ ಓಟದಲ್ಲಿ ವ್ಯತ್ಯಾಸ ಸಣ್ಣದು. ಆಮೇಲೆ ಗಂಡಿನಲ್ಲಿ ಸ್ನಾಯು, ಎಲುಬು, ಹಿಮೋಗ್ಲೋಬಿನ್ ಹೆಚ್ಚುತ್ತವೆ. 800 ಮೀಟರ್ ಪುರುಷರ ವಿಶ್ವದಾಖಲೆ 1 ನಿಮಿಷ 40.91 ಸೆಕೆಂಡು, ಮಹಿಳೆಯರದು 1 ನಿಮಿಷ 53.28 ಸೆಕೆಂಡು. ಈ 12 ಸೆಕೆಂಡಿನ ಅಂತರವನ್ನು ಯಾವ ತಾಲೀಮಿನಿಂದಲೂ ತುಂಬಲಾಗದು. ಮಹಿಳೆಯರಿಗೆ ಬೇರೆ ವಿಭಾಗ ಇರುವುದೇ ಇದಕ್ಕೆ. ಎತ್ತರಕ್ಕೆ, ಉದ್ದ ತೋಳಿಗೆ ನಾವು ಬೇರೆ ವಿಭಾಗ ಮಾಡಿಲ್ಲ, ಗಂಡು-ಹೆಣ್ಣಿಗೆ ಮಾಡಿದ್ದೇವೆ. ಆದ್ದರಿಂದ ‘ಎಲ್ಲ ಲಾಭವೂ ಒಂದೇ’ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಎರಡನೇ ಸ್ಥಾನಕ್ಕೆ ಬಂದ ಹುಡುಗಿಗೂ ನ್ಯಾಯ ಕೇಳುವ ಹಕ್ಕಿದೆ.

ಆದರೆ ಡಿಎಸ್‌ಡಿ ಇರುವ ಹೆಣ್ಣುಮಗಳಿಗೆ ಗಂಡಸಿನಷ್ಟೇ ಲಾಭ ಸಿಗುತ್ತದೆ ಎಂದು ಹೇಳುವುದೂ ಅತಿಯಾಯಿತು. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಅವರ ಶ್ರೇಷ್ಠ ಸಮಯ 1 ನಿಮಿಷ 54.25 ಸೆಕೆಂಡು. 1983ರಲ್ಲಿ ಆದ ಮಹಿಳಾ ವಿಶ್ವದಾಖಲೆಯನ್ನು ಅದು ಮುಟ್ಟಲಿಲ್ಲ. ಇನ್ನೊಂದು ಕಡೆ, 2016ರ ರಿಯೊ ಒಲಿಂಪಿಕ್ಸ್‌ನ 800 ಮೀಟರ್‌ನಲ್ಲಿ ಪದಕ ಗೆದ್ದ ಮೂವರೂ, ಅಂದರೆ ಸೆಮೆನ್ಯಾ, ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾ, ಕೆನ್ಯಾದ ಮಾರ್ಗರೆಟ್ ವಾಂಬುಯಿ, ಮುಂದೆ ಬಂದ ನಿಯಮದಡಿ ನಿರ್ಬಂಧಕ್ಕೆ ಒಳಗಾದರು. ಇಷ್ಟು ವಿರಳವಾದ ಸ್ಥಿತಿಯವರು ಒಂದೇ ವೇದಿಕೆಯಲ್ಲಿ ನಿಂತದ್ದು ಬರೀ ಆಕಸ್ಮಿಕ ಎನ್ನುವುದೂ ಕಷ್ಟ. ಲಾಭ ಇದೆ, ಅದರ ಅಳತೆಯ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಮುಗಿದಿಲ್ಲ. 2018ರ ನಿಯಮಕ್ಕೆ ಆಧಾರವಾದ 2017ರ ಅಧ್ಯಯನಕ್ಕೇ 2021ರಲ್ಲಿ ತಿದ್ದುಪಡಿ ಬಂತು. ಕಾರಣ-ಪರಿಣಾಮದ ಸಂಬಂಧವನ್ನು ಅದು ಸಾಬೀತು ಮಾಡುವುದಿಲ್ಲ ಎಂದು ಲೇಖಕರೇ ಬರೆದರು.

ನಿಯಮ ಎಷ್ಟು ಸಲ ಬದಲಾಯಿತು? ಈಗ ಯಾವುದು ಜಾರಿಯಲ್ಲಿದೆ?

ಅಥ್ಲೆಟಿಕ್ಸ್‌ನದನ್ನು ಹೇಳುತ್ತೇವೆ, ಎಲ್ಲ ವಾದವೂ ಅಲ್ಲಿಂದಲೇ ಹೊರಟದ್ದು.

1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ಮಹಿಳೆಯರನ್ನು ಬಟ್ಟೆಯಿಲ್ಲದೆ ವೈದ್ಯರ ಮುಂದೆ ನಡೆಸಿದರು. 1968ರಿಂದ ಒಲಿಂಪಿಕ್ಸ್‌ನಲ್ಲಿ ಕ್ರೋಮೋಸೋಮ್ ಪರೀಕ್ಷೆ ಬಂತು, 1992ರಲ್ಲಿ ಎಸ್‌ಆರ್‌ವೈ (ವೃಷಣ ಬೆಳೆಯಲು ಸೂಚನೆ ಕೊಡುವ) ಜೀನ್ ಪರೀಕ್ಷೆ. 1996ರ ಅಟ್ಲಾಂಟಾದಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ 8 ಮಂದಿಗೆ ಪಾಸಿಟಿವ್ ಬಂತು, ವಿಚಾರಣೆ ಮಾಡಿ ಎಂಟೂ ಮಂದಿಗೆ ಆಡಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಸಾಮೂಹಿಕ ಪರೀಕ್ಷೆಯನ್ನೇ ನಿಲ್ಲಿಸಿತು.

2011ರಲ್ಲಿ ಟೆಸ್ಟೋಸ್ಟೆರಾನ್ ಮಿತಿ ಲೀಟರಿಗೆ 10 ನ್ಯಾನೊಮೋಲ್ ಎಂದಾಯಿತು. ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಅದನ್ನು ಪ್ರಶ್ನಿಸಿದರು, 2015ರ ಜುಲೈನಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ನಿಯಮಕ್ಕೆ ತಡೆ ಕೊಟ್ಟಿತು. 2018ರಲ್ಲಿ ಹೊಸ ನಿಯಮ: ಮಿತಿ 5, ಅದಕ್ಕಿಂತ ಕೆಳಗೆ ಉಳಿಯಬೇಕಾದ ಅವಧಿ ಆರು ತಿಂಗಳು, 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. 2023ರ ಮಾರ್ಚ್‌ನಲ್ಲಿ ಇನ್ನೂ ಬಿಗಿ: ಮಿತಿ 2.5, ಅವಧಿ 24 ತಿಂಗಳು, ಎಲ್ಲ ಸ್ಪರ್ಧೆಗಳಿಗೂ.

2025ರ ಸೆಪ್ಟೆಂಬರ್ 1ರಿಂದ ಅಥ್ಲೆಟಿಕ್ಸ್‌ನ ವಿಶ್ವ ಒಕ್ಕೂಟವಾದ ವರ್ಲ್ಡ್ ಅಥ್ಲೆಟಿಕ್ಸ್ ಎಸ್‌ಆರ್‌ವೈ ಜೀನ್ ಪರೀಕ್ಷೆಗೆ ಮರಳಿದೆ. ಮಹಿಳಾ ವಿಭಾಗದಲ್ಲಿ ವಿಶ್ವ ರ‍್ಯಾಂಕಿಂಗ್ ಕೂಟಗಳಿಗೆ ಇಳಿಯಬಯಸುವವರು ಜೀವಮಾನದಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿಸಬೇಕು. ಆ ತಿಂಗಳ 13ಕ್ಕೆ ಶುರುವಾದ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲು ಜಾರಿಯಾಯಿತು. ಸಿಎಐಎಸ್ ಇರುವವರಿಗೆ ಅವಕಾಶ ಉಳಿದಿದೆ, ಹಳೆಯ ನಿಯಮ ಪಾಲಿಸುತ್ತಿದ್ದ ಕೆಲವರಿಗೆ ಪರಿವರ್ತನೆಯ ಅವಕಾಶವೂ ಇದೆ.

ಜೀನ್ ಪರೀಕ್ಷೆ ಹೇಗೆ ಮಾಡುತ್ತಾರೆ? ತಪ್ಪು ಎಲ್ಲಿ ಆಗುತ್ತದೆ?

ಎಸ್‌ಆರ್‌ವೈ ಎಂಬುದು ಸಾಮಾನ್ಯವಾಗಿ ವೈ ಕ್ರೋಮೋಸೋಮಿನ ಮೇಲಿರುವ ಜೀನ್. ಗರ್ಭದಲ್ಲಿ ವೃಷಣ ಬೆಳೆಯಲು ಮೊದಲ ಸೂಚನೆ ಅದರದು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ, ಅಥವಾ ಸ್ವಲ್ಪ ರಕ್ತ ತೆಗೆದು, ಪಿಸಿಆರ್ ವಿಧಾನದಲ್ಲಿ ಆ ಜೀನ್ ಇದೆಯೇ ನೋಡುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಅದೇ ಪಿಸಿಆರ್.

ಕಡ್ಡಿಯ ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಚಹಾ, ಎಲೆ-ಅಡಿಕೆ ಕೂಡ ಬೇಡ. ಬಾಯಿ ಮುಕ್ಕಳಿಸಿ, ಎರಡೂ ಕೆನ್ನೆಯಲ್ಲಿ ಗಟ್ಟಿಯಾಗಿ ಉಜ್ಜಬೇಕು. ಬರೀ ಎಂಜಲು ಹತ್ತಿದರೆ ಜೀವಕೋಶ ಸಾಕಾಗದೆ ಪರೀಕ್ಷೆ ವಿಫಲವಾಗುತ್ತದೆ. ಕಡ್ಡಿಯ ತುದಿಯನ್ನು ಯಾರೂ ಬೆರಳಿನಿಂದ ಮುಟ್ಟಬಾರದು. ಮಾದರಿ ತೆಗೆಯುವವರು ಹೊಸ ಕೈಗವಸು ಹಾಕಿರಬೇಕು, ಮಹಿಳೆಯೇ ಆಗಿದ್ದರೆ ಒಳ್ಳೆಯದು. ಇದು ಮರ್ಯಾದೆಗಷ್ಟೇ ಹೇಳುವ ಮಾತಲ್ಲ. ಮಾದರಿ ತೆಗೆದ ಅಥವಾ ಲ್ಯಾಬಿನಲ್ಲಿ ಕೆಲಸ ಮಾಡಿದ ಗಂಡಸಿನ ಚರ್ಮದ ಒಂದೆರಡು ಕೋಶ ಬಿದ್ದರೂ ಪಿಸಿಆರ್ ಅದನ್ನೇ ಹಿಗ್ಗಿಸಿ ‘ಎಸ್‌ಆರ್‌ವೈ ಇದೆ’ ಎಂದುಬಿಡಬಹುದು. 1990ರಲ್ಲಿ ಈ ಜೀನನ್ನು ಕಂಡುಹಿಡಿದ ತಂಡದ ಆಂಡ್ರ್ಯೂ ಸಿಂಕ್ಲೇರ್ ಅವರೇ 2025ರಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದಾರೆ. ಜೀನ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಈ ಪರೀಕ್ಷೆ ಹೇಳುತ್ತದೆ, ಆ ಜೀನ್ ಕೆಲಸ ಮಾಡಿದೆಯೇ, ವೃಷಣ ಬೆಳೆದಿದೆಯೇ, ದೇಹ ಟೆಸ್ಟೋಸ್ಟೆರಾನನ್ನು ಬಳಸುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ ಎಂಬುದು ಅವರ ದೊಡ್ಡ ಆಕ್ಷೇಪ.

ಅದಕ್ಕೇ ವರದಿಯಲ್ಲಿ ಎರಡು ಸಂಗತಿ ಕೇಳಿ ಪಡೆಯಬೇಕು. ಮಾದರಿ ಸರಿಯಾಗಿತ್ತು ಎಂದು ತೋರಿಸುವ ಇನ್ನೊಂದು ಜೀನಿನ ಫಲಿತಾಂಶ ಬಂದಿದೆಯೇ? ಏನೂ ಹಾಕದ ಖಾಲಿ ಟ್ಯೂಬು ಖಾಲಿಯಾಗಿಯೇ ಬಂದಿದೆಯೇ? ಖಾಲಿ ಟ್ಯೂಬಿನಲ್ಲೂ ಎಸ್‌ಆರ್‌ವೈ ಕಂಡರೆ ಆ ದಿನದ ಅಷ್ಟೂ ಪರೀಕ್ಷೆ ಕೆಟ್ಟಿದೆ ಎಂದರ್ಥ. ಅವಳಿ ಅಣ್ಣನೋ ತಮ್ಮನೋ ಇರುವ ಹುಡುಗಿಯ ರಕ್ತದಲ್ಲಿ, ಗಂಡುಮಗು ಹೆತ್ತ ತಾಯಿಯ ರಕ್ತದಲ್ಲಿ, ವೈ ಇರುವ ಕೋಶಗಳು ಅಲ್ಪಸ್ವಲ್ಪ ಸಿಗುವುದುಂಟು. ಈ ವಿವರವನ್ನು ಮೊದಲೇ ಬರೆದುಕೊಡಿ.

ಪಾಸಿಟಿವ್ ಬಂತು. ಮುಂದೇನು?

ಮೊದಲು ಬೇರೆ ದಿನ ತೆಗೆದ ಹೊಸ ರಕ್ತದ ಮಾದರಿಯಲ್ಲಿ ಇನ್ನೊಮ್ಮೆ ಪರೀಕ್ಷೆ. ಅದೂ ಪಾಸಿಟಿವ್ ಆದರೆ ಕ್ರೋಮೋಸೋಮ್ ಪರೀಕ್ಷೆ, ಅಂದರೆ ಕ್ಯಾರಿಯೋಟೈಪ್. ಜೊತೆಗೆ ಟೆಸ್ಟೋಸ್ಟೆರಾನ್, ಡಿಎಚ್‌ಟಿ, ಎಲ್‌ಎಚ್, ಎಫ್‌ಎಸ್‌ಎಚ್, ಎಎಂಎಚ್ ಎಂಬ ಹಾರ್ಮೋನುಗಳ ಅಳತೆ. ಹೊಟ್ಟೆಯ ಕೆಳಭಾಗದ ಸ್ಕ್ಯಾನ್ ಅಥವಾ ಎಂಆರ್‌ಐ. ಕೊನೆಗೆ ರಿಸೆಪ್ಟರ್ ಜೀನಿನ ಪರೀಕ್ಷೆ, ಸಿಎಐಎಸ್ ಹೌದೋ ಅಲ್ಲವೋ ಎಂಬುದನ್ನು ಗಟ್ಟಿ ಮಾಡಲು.

ವಿಜಯಪುರ, ಬಾಗಲಕೋಟೆ ಕಡೆಯಿಂದ ಮಾದರಿ ದೂರದ ಲ್ಯಾಬಿಗೆ ಹೋಗುವಾಗ ಒಂದು ತೊಂದರೆ ಮರುಕಳಿಸುತ್ತದೆ. ಜೀನ್ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು, ಏಕೆಂದರೆ ಅಲ್ಲಿ ಕೋಶಗಳು ಜೀವಂತವಾಗಿದ್ದು ಲ್ಯಾಬಿನಲ್ಲಿ ಬೆಳೆಯಬೇಕು. ಆ ಟ್ಯೂಬು ಹೆಪ್ಪುಗಟ್ಟುವಷ್ಟು ತಣ್ಣಗಾದರೂ, ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಕೂತರೂ ಕೋಶ ಸತ್ತು ‘ಬೆಳವಣಿಗೆ ಇಲ್ಲ’ ಎಂಬ ವರದಿ ಬರುತ್ತದೆ. ಎರಡು ದಿನದೊಳಗೆ ತಲುಪುವಂತೆ, ಭಾನುವಾರ ನಡುವೆ ಬಾರದಂತೆ, ಸೋಮವಾರ ಅಥವಾ ಮಂಗಳವಾರ ರಕ್ತ ತೆಗೆಸಿ. ‘ಬೆಳವಣಿಗೆ ಇಲ್ಲ’ ಎಂಬುದು ಹುಡುಗಿಯ ದೇಹದ ಬಗ್ಗೆ ಬಂದ ಮಾತಲ್ಲ, ಟ್ಯೂಬಿನ ಬಗ್ಗೆ ಬಂದ ಮಾತು. ಇದನ್ನು ಮನೆಯವರಿಗೆ ತಿಳಿಸಿ ಹೇಳಬೇಕಾಗುತ್ತದೆ.

ನಮ್ಮ ಲ್ಯಾಬ್ ವರದಿಯಲ್ಲಿ ಟೆಸ್ಟೋಸ್ಟೆರಾನ್ 46 ಎಂದಿದೆ. 2023ರ ನಿಯಮದ ಮಿತಿ 2.5 ಅಲ್ಲವೇ?

ಗಾಬರಿ ಬೇಡ, ಅಳತೆಯ ಮಾನ ಬೇರೆ. ನಿಯಮಗಳು ಲೀಟರಿಗೆ ನ್ಯಾನೊಮೋಲ್‌ನಲ್ಲಿವೆ. ನಮ್ಮ ಲ್ಯಾಬುಗಳು ಹೆಚ್ಚಾಗಿ ಡೆಸಿಲೀಟರಿಗೆ ನ್ಯಾನೊಗ್ರಾಂ ಅಥವಾ ಮಿಲಿಲೀಟರಿಗೆ ನ್ಯಾನೊಗ್ರಾಂ ಬರೆಯುತ್ತವೆ. ಡೆಸಿಲೀಟರ್ ಲೆಕ್ಕವಾದರೆ 28.8ರಿಂದ ಭಾಗಿಸಿ. 46 ಅನ್ನು 28.8ರಿಂದ ಭಾಗಿಸಿದರೆ 1.6, ಅಂದರೆ ಸಾಮಾನ್ಯ ಹೆಣ್ಣಿನ ಮಟ್ಟ. ವರದಿ ಮಿಲಿಲೀಟರ್ ಲೆಕ್ಕದಲ್ಲಿದ್ದರೆ ಅದೇ ಪ್ರಮಾಣ 0.46 ಎಂದು ಕಾಣುತ್ತದೆ. 2.5 ನ್ಯಾನೊಮೋಲ್ ಎಂದರೆ ಡೆಸಿಲೀಟರಿಗೆ 72 ನ್ಯಾನೊಗ್ರಾಂ.

ವರ್ಲ್ಡ್ ಅಥ್ಲೆಟಿಕ್ಸ್ ಬಳಸಿದ ಅಂಕಿಗಳಂತೆ ಹೆಣ್ಣಿನಲ್ಲಿ 0.12ರಿಂದ 1.79, ಮೈನೆರೆದ ಗಂಡಿನಲ್ಲಿ 7.7ರಿಂದ 29.4 ನ್ಯಾನೊಮೋಲ್. ಎರಡರ ನಡುವೆ ದೊಡ್ಡ ಕಂದಕವಿದೆ. ಪಿಸಿಓಎಸ್ ಇರುವವರು ಹೆಣ್ಣಿನ ಮೇಲಿನ ಮಿತಿಯನ್ನು ದಾಟಬಹುದು, ಗಂಡಿನ ಮಟ್ಟ ಮುಟ್ಟುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸಾಮಾನ್ಯ ಲ್ಯಾಬುಗಳ ಇಮ್ಯುನೋಅಸ್ಸೇ ಯಂತ್ರ ಹೆಣ್ಣಿನ ಸಣ್ಣ ಪ್ರಮಾಣವನ್ನು ಸರಿಯಾಗಿ ಅಳೆಯದೆ, ಬೇರೆ ಹಾರ್ಮೋನನ್ನೂ ಸೇರಿಸಿ ಹೆಚ್ಚು ತೋರಿಸುವುದುಂಟು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಟೆಸ್ಟೋಸ್ಟೆರಾನ್ ಸುಳ್ಳಾಗಿ ಏರುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಬೆಳಗ್ಗೆ ರಕ್ತ ಕೊಡಿ. ಕ್ರೀಡಾ ಅರ್ಹತೆಯ ಮಾತು ಬಂದಾಗ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದ ವರದಿಯೊಂದೇ ಲೆಕ್ಕಕ್ಕೆ.

‘ಆ ಹುಡುಗಿ ಗಂಡಹುಡುಗರಂಗ ಅದಾಳ, ಚೆಕ್ ಮಾಡ್ರಿ’ ಎಂದು ತಾಲೂಕು ಕ್ರೀಡಾಕೂಟದಲ್ಲಿ ಇನ್ನೊಂದು ತಂಡದವರು ಗಲಾಟೆ ಮಾಡಿದರೆ?

ಚೆಕ್ ಮಾಡುವ ಅಧಿಕಾರ ನಿಮಗಿಲ್ಲ. ದೈಹಿಕ ಶಿಕ್ಷಕರಿಗಿಲ್ಲ, ಸಂಘಟಕರಿಗಿಲ್ಲ, ಮೈದಾನಕ್ಕೆ ಬಂದ ಡಾಕ್ಟರಿಗೂ ಇಲ್ಲ. ಶಾಲಾ ಕೂಟ, ದಸರಾ ಕ್ರೀಡಾಕೂಟ, ಜಾತ್ರೆಯ ಕುಸ್ತಿ ಇವು ಯಾವುದಕ್ಕೂ ಜೀನ್ ಪರೀಕ್ಷೆಯ ನಿಯಮ ಅನ್ವಯಿಸುವುದಿಲ್ಲ. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್‌ನಲ್ಲಿ ಹೆಣ್ಣು ಎಂದಿದ್ದರೆ ಆಕೆ ಹೆಣ್ಣುಮಕ್ಕಳ ವಿಭಾಗದಲ್ಲಿ ಆಡುತ್ತಾಳೆ. ತಕರಾರಿದ್ದವರು ಬರೆದು ಕೊಡಲಿ, ವಯಸ್ಸಿನ ತಕರಾರಿನಂತೆಯೇ ದಾಖಲೆ ನೋಡಿ ಉತ್ತರ ಕೊಡಿ, ಪಂದ್ಯ ನಿಲ್ಲಿಸಬೇಡಿ.

ಮೈಕಿನಲ್ಲಿ ಆ ವಿಷಯ ಎತ್ತಬೇಡಿ. ಹುಡುಗಿಯನ್ನು ಕೋಣೆಗೆ ಕರೆದೊಯ್ದು ‘ಮೇಡಂ ಒಮ್ಮೆ ನೋಡಿಬಿಡಲಿ’ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಹದಿನೆಂಟರ ಒಳಗಿನ ಮಗುವಿನ ಬಟ್ಟೆ ತೆಗೆಸುವುದು ಪೊಲೀಸ್ ದೂರಿಗೆ ಹೋಗುವ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗಿಯೇ ಕರೆ ಮಾಡಬಹುದು. ಅಂಥ ಹೊತ್ತಿನಲ್ಲಿ ಕೋಚ್ ಮಾಡಬೇಕಾದದ್ದು ಒಂದೇ: ಆಕೆಯ ಪಕ್ಕದಲ್ಲಿ ನಿಲ್ಲುವುದು, ವಾರ್ಮ್‌ಅಪ್ ಮುಂದುವರಿಸಲು ಹೇಳುವುದು.

ಕೂದಲು ಕತ್ತರಿಸಿಕೊಂಡಿದ್ದಾಳೆ, ದನಿ ದಪ್ಪ, ಎದೆ ಚಪ್ಪಟೆ, ತೋಳು ಗಟ್ಟಿ ಎಂಬ ಲಕ್ಷಣಗಳಿಂದ ಯಾವುದನ್ನೂ ಹೇಳಲಾಗದು. ದಿನಾ ಕಬ್ಬಿನ ಹೊಲದಲ್ಲಿ ದುಡಿದು, ಸಂಜೆ ಗರಡಿಯಲ್ಲಿ ತಾಲೀಮು ಮಾಡುವ ಹುಡುಗಿಯ ತೋಳು ಗಟ್ಟಿ ಇರದೆ ಹೇಗಿದ್ದೀತು? ಸಿಎಐಎಸ್ ಇರುವವರು ನೋಡಲು ಉಳಿದ ಎಲ್ಲರಷ್ಟೇ ಹೆಣ್ಣು.

ಮಗಳಿಗೆ ಹದಿನಾರು ತುಂಬಿದೆ, ಇನ್ನೂ ದೊಡ್ಡವಳಾಗಿಲ್ಲ. ಓಡುವುದನ್ನು ನಿಲ್ಲಿಸಬೇಕೇ?

ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ. ಹದಿನೈದಕ್ಕೂ ಮುಟ್ಟು ಶುರುವಾಗದಿದ್ದರೆ, ಅಥವಾ ಎದೆ ಬೆಳೆಯಲು ಶುರುವಾಗಿ ಮೂರು ವರ್ಷವಾದರೂ ಆಗದಿದ್ದರೆ ತಪಾಸಣೆ ಬೇಕು. ಓಡುವ, ಸೈಕಲ್ ತುಳಿಯುವ, ತೂಕ ಇಳಿಸಿ ಕುಸ್ತಿ ಆಡುವ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವ ಕಾರಣ ಡಿಎಸ್‌ಡಿ ಅಲ್ಲ, ಊಟ ಸಾಲದಿರುವುದು. ಬೆಳಗ್ಗೆ ಐದಕ್ಕೆ ಎದ್ದು ಹನ್ನೆರಡು ಕಿಲೋಮೀಟರ್ ಓಡಿ, ಒಂದು ರೊಟ್ಟಿ ತಿಂದು ಶಾಲೆಗೆ ಹೋದರೆ ದೇಹ ಮೊದಲು ನಿಲ್ಲಿಸುವುದು ಮುಟ್ಟನ್ನೇ. ಜೊತೆಗೆ ಎಲುಬು ಸವೆಯುತ್ತದೆ, ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕು ಬರುತ್ತದೆ. ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು, ಮೊಟ್ಟೆ ಹೆಚ್ಚಿಸಿ ತೂಕ ಕೂಡಿದರೆ ಹಲವರಲ್ಲಿ ಸರಿಯಾಗುತ್ತದೆ.

ಚಿಕ್ಕಂದಿನಲ್ಲಿ ಎರಡೂ ತೊಡೆಸಂದಿಯಲ್ಲಿ ಹರ್ನಿಯಾ ಆಪರೇಷನ್ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಸಿಎಐಎಸ್‌ನ ಮೊದಲ ಸುಳಿವು ಕೆಲವೊಮ್ಮೆ ಅಲ್ಲಿರುತ್ತದೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಸ್ತ್ರೀರೋಗ ವಿಭಾಗದಿಂದ ಶುರು ಮಾಡಿ, ಹಾರ್ಮೋನು ತಜ್ಞರಿಗೆ ಚೀಟಿ ಬರೆಸಿಕೊಳ್ಳಿ.

ಊರಲ್ಲಿ ಕೆಲವರು ‘ಇದು ಎಲ್ಲಮ್ಮನ ಕಾಟ, ಗುಡ್ಡಕ್ಕೆ ಕರಕೊಂಡ ಹೋಗ್ರಿ’ ಎನ್ನುತ್ತಾರೆ.

ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊರುವುದು, ದರ್ಶನ ಮಾಡುವುದು ಮನೆಯವರ ಭಕ್ತಿ. ಮಗಳಿಗೆ ಮುತ್ತು ಕಟ್ಟಿಸಿ ದೇವದಾಸಿ ಮಾಡುವುದು ಬೇರೆ, ಅದು ಕರ್ನಾಟಕದಲ್ಲಿ 1982ರ ಕಾಯ್ದೆಯಿಂದಲೇ ಅಪರಾಧ. ಜೋಗಪ್ಪಂದಿರ ಬದುಕು ಒಂದು ಪರಂಪರೆಗೆ ಸೇರಿದ್ದು, ಅವರಿಗೂ ಗೌರವ ಸಲ್ಲಬೇಕು. ಆದರೆ ಮುಟ್ಟಾಗದ ಹುಡುಗಿ ಜೋಗಪ್ಪನಲ್ಲ, ಅದರ ಕಾರಣ ಆಕೆಯ ದೇಹದಲ್ಲಿದೆ, ಊಟ ಸಾಲದ್ದೋ ಜೀನಿನದ್ದೋ ಆಗಿರಬಹುದು. ಗುಡ್ಡಕ್ಕೆ ಹೋಗಿ ಬಂದ ಮೇಲಾದರೂ ಆಸ್ಪತ್ರೆಗೆ ಹೋಗಿ, ಎಲುಬಿಗೆ ಬೇಕಾದ ಚಿಕಿತ್ಸೆ ತಡವಾಗಬಾರದು.

ಆಪರೇಷನ್ ಮಾಡಿಸಿದರೆ ಆಡಲು ಬಿಡುತ್ತಾರಂತೆ, ಹೌದೇ?

ಆಟಕ್ಕಾಗಿ ಆಪರೇಷನ್ ಮಾಡಿಸಬೇಡಿ. 2013ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಬಡ ದೇಶಗಳ ಹಳ್ಳಿ, ಬೆಟ್ಟಗಾಡಿನಿಂದ ಬಂದ 18ರಿಂದ 21 ವಯಸ್ಸಿನ ನಾಲ್ವರು ಓಟಗಾರ್ತಿಯರ ವೃಷಣ ತೆಗೆದ ವಿವರವಿದೆ. ಹಾಗೇ ಬಿಟ್ಟರೆ ಆರೋಗ್ಯಕ್ಕೆ ಅಪಾಯವಿಲ್ಲ ಎಂದು ಆ ವೈದ್ಯರೇ ಬರೆದಿದ್ದಾರೆ. ಜೊತೆಗೆ ಚಂದ್ರನಾಡಿಯ (ಕ್ಲಿಟೊರಿಸ್) ಭಾಗವನ್ನೂ ಕತ್ತರಿಸಿದರು, ಓಟಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆ ಹುಡುಗಿಯರ ಜಾಗದಲ್ಲಿ ನಮ್ಮ ಹಳ್ಳಿಯ ಹುಡುಗಿಯನ್ನು ಇಟ್ಟು ನೋಡಿ.

ವೃಷಣ ತೆಗೆದ ಮೇಲೆ ದೇಹಕ್ಕೆ ಬೇಕಾದ ಹಾರ್ಮೋನು ನಿಲ್ಲುತ್ತದೆ, ಹಲವು ದಶಕ ಈಸ್ಟ್ರೋಜನ್ ತೆಗೆದುಕೊಳ್ಳಬೇಕು, ತಪ್ಪಿದರೆ ಎಲುಬು ಟೊಳ್ಳಾಗುತ್ತದೆ. ಕೆಲವು ಸ್ಥಿತಿಗಳಲ್ಲಿ ಕ್ಯಾನ್ಸರ್ ಅಪಾಯ ಇರುವುದರಿಂದ ತೆಗೆಯಲೇಬೇಕಾಗುತ್ತದೆ, ಸ್ವೈಯರ್ ಸಿಂಡ್ರೋಮ್ ಅಂಥದ್ದು. ಸಿಎಐಎಸ್‌ನಲ್ಲಿ ಮೈನೆರೆಯುವ ಮುನ್ನ ಆ ಅಪಾಯ ಕಡಿಮೆ, ಕಾಯಬಹುದು. ಆ ನಿರ್ಧಾರ ವೈದ್ಯರು ಮತ್ತು ಹುಡುಗಿ ಕೂತು ಮಾಡುವಂಥದ್ದು, ಕೋಚ್ ಅಥವಾ ಒಕ್ಕೂಟ ಮಾಡುವಂಥದ್ದಲ್ಲ.

ಶಾಂತಿ ಸೌಂದರರಾಜನ್, ದ್ಯುತಿ ಚಾಂದ್, ಸೆಮೆನ್ಯಾ ಮೂವರದೂ ಒಂದೇ ಪ್ರಕರಣವೇ?

ಅಲ್ಲ. ತಮಿಳುನಾಡಿನ ಶಾಂತಿ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಪರೀಕ್ಷೆಯ ಸುದ್ದಿ ಗುಟ್ಟಾಗಿ ಉಳಿಯದೆ ಟಿವಿ, ಪತ್ರಿಕೆಗಳಲ್ಲಿ ಬಂತು, ಪದಕ ಹೋಯಿತು. ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ಮಾಡಬೇಕಾಯಿತು. ಮೇಲ್ಮನವಿಗೆ ದಾರಿ ತೋರಿಸುವವರು ಆಗ ಅವರ ಜೊತೆ ಇರಲಿಲ್ಲ. ದ್ಯುತಿಗೆ 2014ರಲ್ಲಿ ವಕೀಲರು, ಸಂಶೋಧಕರು ಸಿಕ್ಕರು, ಅವರು ಗೆದ್ದರು, 2018ರ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ತಂದರು. 2023ರಲ್ಲಿ ಅವರ ಮೇಲೆ ಬಿದ್ದ ನಾಲ್ಕು ವರ್ಷದ ನಿಷೇಧ ಡೋಪಿಂಗ್‌ಗೆ ಸೇರಿದ್ದು, ಅದನ್ನು ಇದರ ಜೊತೆ ಬೆರೆಸಬೇಡಿ.

ಸೆಮೆನ್ಯಾ 2019ರಲ್ಲಿ ಕ್ರೀಡಾ ನ್ಯಾಯಾಲಯದಲ್ಲಿ 2-1ರಿಂದ ಸೋತರು. ನಿಯಮ ತಾರತಮ್ಯದ್ದೇ, ಆದರೆ ಅಗತ್ಯವಾದದ್ದು ಎಂಬುದು ತೀರ್ಪು. 2025ರ ಜುಲೈ 10ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ಹಿರಿಯ ಪೀಠ, ಸ್ವಿಟ್ಜರ್ಲೆಂಡಿನಲ್ಲಿ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದಿತು. ನಿಯಮವನ್ನು ಅದು ರದ್ದು ಮಾಡಿಲ್ಲ.

ಕುಸ್ತಿ, ಸೈಕ್ಲಿಂಗ್, ಬಾಕ್ಸಿಂಗ್, ಈಜಿಗೂ ಇದೇ ನಿಯಮವೇ?

ಒಂದೊಂದು ಒಕ್ಕೂಟಕ್ಕೆ ಒಂದೊಂದು. ವರ್ಲ್ಡ್ ಬಾಕ್ಸಿಂಗ್ 2025ರಿಂದ ತನ್ನ ಕೂಟಗಳಿಗೆ 18 ದಾಟಿದವರಿಂದ ಪಿಸಿಆರ್ ಪರೀಕ್ಷೆ ಕೇಳುತ್ತದೆ. ವರ್ಲ್ಡ್ ಅಕ್ವಾಟಿಕ್ಸ್ 2022ರಿಂದ, ಗಂಡಿನ ರೀತಿಯ ಮೈನೆರೆಯುವಿಕೆ ಆಗಿದೆಯೇ ಎಂಬುದನ್ನೇ ಅಳತೆಗೋಲು ಮಾಡಿಕೊಂಡಿದೆ. ಹುಡುಗಿ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದ ವಾರವೇ ಆಯಾ ಒಕ್ಕೂಟದ ಆ ವರ್ಷದ ನಿಯಮವನ್ನು ತರಿಸಿ ಓದಿ. ಹಳೆಯ ಪ್ರತಿ ನಂಬಬೇಡಿ.

ಚಿಕಿತ್ಸೆಯ ಮಾತ್ರೆಯಿಂದ ಡೋಪಿಂಗ್ ಕೇಸು ಆಗಬಹುದೇ?

ಆಗಬಹುದು. ಮುಖದ ಕೂದಲಿಗೆ, ಪಿಸಿಓಎಸ್‌ಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುವ ಔಷಧ, ನಿಷೇಧಿತ ಪಟ್ಟಿಯಲ್ಲಿದೆ. ಕ್ಲೋಮಿಫೀನ್, ಲೆಟ್ರೊಜೋಲ್ ಕೂಡ ಇವೆ. ಸಿಎಎಚ್‌ಗೆ ನುಂಗುವ ಸ್ಟಿರಾಯ್ಡ್ ಸ್ಪರ್ಧೆಯ ಸಮಯದಲ್ಲಿ ನಿಷೇಧ. ಹಾಗೆಂದು ಸಿಎಎಚ್ ಮಾತ್ರೆಯನ್ನು ಪಂದ್ಯಕ್ಕಾಗಿ ಒಂದು ದಿನವೂ ಬಿಡಬಾರದು, ಜೀವಕ್ಕೇ ಅಪಾಯ. ದಾರಿ ಒಂದೇ: ಚಿಕಿತ್ಸೆಗಾಗಿ ವಿನಾಯಿತಿ ಕೋರಿ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಯಾದ ನಾಡಾಗೆ ಕೂಟಕ್ಕೆ 30 ದಿನ ಮೊದಲೇ ಅರ್ಜಿ, ಜೊತೆಗೆ ವೈದ್ಯರ ಪತ್ರ ಮತ್ತು ಪರೀಕ್ಷಾ ವರದಿಗಳು. ಜಿಮ್ಮಿನವರು ಕೊಡುವ ಡಬ್ಬಿಯ ಪುಡಿಗೆ ವಿನಾಯಿತಿ ಸಿಗುವುದಿಲ್ಲ.

ವರದಿ ಯಾರ ಕೈಗೆ ಹೋಗಬೇಕು?

ಹುಡುಗಿಯ ಕೈಗೆ. ಹದಿನೆಂಟರ ಒಳಗಿದ್ದರೆ ಜೊತೆಗೆ ತಂದೆತಾಯಿಗೆ. ಪರೀಕ್ಷೆಗೆ ಮುಂಚೆ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮರಾಠಿ ಮನೆಮಾತಿನವರಿಗೆ ಮರಾಠಿಯಲ್ಲಿ ಓದಿ ಹೇಳಿ. ಯಾವ ಪರೀಕ್ಷೆ, ಯಾಕೆ, ಮಾದರಿ ಎಷ್ಟು ದಿನ ಇಡುತ್ತಾರೆ, ಫಲಿತಾಂಶ ಯಾರು ನೋಡುತ್ತಾರೆ, ಬೇಡ ಎಂದರೆ ಏನಾಗುತ್ತದೆ ಎಂಬ ಐದೂ ಅದರಲ್ಲಿರಬೇಕು. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ವರದಿಯ ಫೋಟೋ ಹೋಗಬಾರದು, ಕೋಚ್ ಫೋನಿನಲ್ಲೂ ಉಳಿಯಬಾರದು. ಒಕ್ಕೂಟಕ್ಕೆ ಕಳಿಸುವಾಗ ಒಕ್ಕೂಟದ ವೈದ್ಯಾಧಿಕಾರಿಯ ಹೆಸರಿಗೆ ಮಾತ್ರ, ಮುಚ್ಚಿದ ಲಕೋಟೆಯಲ್ಲಿ ಅಥವಾ ಪಾಸ್‌ವರ್ಡ್ ಹಾಕಿದ ಕಡತದಲ್ಲಿ ಕಳಿಸಿ, ಪಾಸ್‌ವರ್ಡನ್ನು ಬೇರೆ ಕರೆಯಲ್ಲಿ ಹೇಳಿ. ಮೂಲ ಪ್ರತಿ ಮನೆಯ ಟ್ರಂಕಿನಲ್ಲಿ ಹುಡುಗಿಯ ಬಳಿಯೇ ಇರಲಿ. ಆಯ್ಕೆ ಪಟ್ಟಿಯಿಂದ ಹೆಸರು ಬಿಟ್ಟರೆ ಸೂಚನಾ ಫಲಕದಲ್ಲಿ ‘ವೈದ್ಯಕೀಯ ಕಾರಣ’ ಎಂದು ಬರೆಯುವುದನ್ನೂ ಆಕ್ಷೇಪಿಸಿ, ಅಷ್ಟು ಸಾಕು ಊರಿಗೆ. ಆದೇಶ ಬರವಣಿಗೆಯಲ್ಲಿ ಕೇಳಿ, ತಲುಪಿದ ದಿನಾಂಕ ಹಾಕಿ ಸಹಿ ಪಡೆಯಿರಿ. ಮೇಲ್ಮನವಿಯ ಗಡುವು ಲೆಕ್ಕವಾಗುವುದು ಆ ದಿನದಿಂದ.